ಮದ್ದಿಗೊಂದು ಕರಡಿಗೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅರಿಯದವರಿಲ್ಲ. ಕೈಗೆ ಸುಲಭವಾಗಿ ಸಿಕ್ಕುವುದನ್ನು ಜನ ಕಡೆಗಣಿಸುತ್ತಾರೆ ಎಂಬ ಆಕ್ಷೇಪಣೆಯೇ ಅದರ ತಾತ್ಪರ್ಯ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ತರಗತಿಯಲ್ಲಿ ಈ ಗಾದೆಗೆ ಎಷ್ಟು ಸಲ ಆ ಅರ್ಥ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಗಾದೆಯನ್ನು ಅಕ್ಷರಶಃ ಓದಿಕೊಳ್ಳಬೇಕಾದ ಸಂದರ್ಭವೊಂದು ನನ್ನ ಬಾಳಿನಲ್ಲಿ ಒದಗಿತು. ಇಂದಿನ ಮಾತು ಅಲ್ಲಿಂದಲೇ ಮೊದಲಾಗಬೇಕು.

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಅಕ್ಕನ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ಪರೀಕ್ಷಿಸಿದ ವೈದ್ಯರು ಅದು ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆ, ಔಷಧ ಎರಡೂ ಬೇಕು, ತಡ ಮಾಡಬಾರದು ಎಂದರು. ಅಕ್ಕನಿಗೆ ಕತ್ತಿಯ ಭಯ. ಅದೇ ಹೊತ್ತಿಗೆ ಮನೆಗೆ ಬಂದ ಬಂಧುಗಳೊಬ್ಬರು, ನಮ್ಮ ಅಂಗಳದಲ್ಲಿ ಹೂ ಬಿಟ್ಟು ನಿಂತಿದ್ದ ನಿತ್ಯಪುಷ್ಪದ ಗಿಡವನ್ನು ತೋರಿಸಿ, “ಕ್ಯಾನ್ಸರಿಗೆ ಔಷಧ ತೆಗೆಯೋದೇ ಇದರಿಂದ. ಎಲೆಯ ಕಷಾಯ ಮಾಡಿ ಕುಡಿದರೆ ಸಾಕು,” ಎಂದರು. ಆ ಮಾತಿನ ಮೊದಲರ್ಧ ನಿಜವೇ ಆಗಿತ್ತು. ಆದ್ದರಿಂದ ಉಳಿದರ್ಧವನ್ನೂ ನಾವು ನಂಬಿದೆವು. ನಾಲ್ಕು ತಿಂಗಳ ಕಾಲ ದಿನವೂ ಬೆಳಿಗ್ಗೆ ಆ ಎಲೆಗಳನ್ನು ಕಿತ್ತು ತೊಳೆದು ಕೊಟ್ಟವನು ನಾನು. ಅಕ್ಕ ಮುಖ ಕಿವಿಚಿ ಕುಡಿದಳು, ವಾಂತಿ ಮಾಡಿಕೊಂಡಳು, ಮತ್ತೆ ಕುಡಿದಳು. ಗಂಟು ಬೆಳೆಯಿತು.

ಕಡೆಗೆ ಆಸ್ಪತ್ರೆಗೆ ಹೋದೆವು. ಅಲ್ಲಿ ಅವಳಿಗೆ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುತ್ತಿದ್ದರು. ಪ್ರತಿ ಸಲವೂ ಅದಕ್ಕೆ ಮೊದಲು ಬೇರೆ ಚುಚ್ಚುಮದ್ದುಗಳನ್ನು ಕೊಡುವುದನ್ನು ಕಂಡು, ಅವು ಏತಕ್ಕೆಂದು ಅಲ್ಲಿದ್ದ ತರುಣ ವೈದ್ಯರನ್ನು ಕೇಳಿದೆ. “ಅಲರ್ಜಿ ಆಗದೆ ಇರಲಿ ಅಂತ ಮೇಷ್ಟ್ರೆ. ಈ ಮದ್ದು ನೀರಲ್ಲಿ ಕರಗೋದಿಲ್ಲ. ಅದನ್ನ ಕರಗಿಸೋಕೆ ಹರಳೆಣ್ಣೆಯಿಂದ ಮಾಡಿದ ಒಂದು ದ್ರವ ಸೇರಿಸಿರ್ತಾರೆ. ಮೈಗೆ ಒಗ್ಗದೆ ಇರೋದು ಹೆಚ್ಚಾಗಿ ಆ ದ್ರವವೇ,” ಎಂದರು. ನನಗೆ ಸೋಜಿಗವಾಯಿತು. ಮದ್ದನ್ನು ತಾಳಿಕೊಳ್ಳುವುದಕ್ಕೆ ಒಂದು ಮದ್ದು ಬೇಕೆಂದರೆ ಅರ್ಥವಾಗುತ್ತದೆ. ಮದ್ದನ್ನು ಹೊತ್ತು ತಂದದ್ದನ್ನು ತಾಳಿಕೊಳ್ಳುವುದಕ್ಕೂ ಒಂದು ಮದ್ದು ಬೇಕೆ? ಅಂದಿನಿಂದ, ವಿಜ್ಞಾನದ ವಿದ್ಯಾರ್ಥಿಯಲ್ಲದಿದ್ದರೂ, ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ತಿಳಿದವರಿಂದ ಕೇಳಿ ತಿದ್ದಿಕೊಂಡಿದ್ದೇನೆ. ಹಾಗೆ ನನಗೆ ದಕ್ಕಿದಷ್ಟನ್ನು ತಮ್ಮ ಮುಂದಿಡುತ್ತೇನೆ.

ಔಷಧಕ್ಕೊಂದು ವಾಹನ ಬೇಕೆಂಬುದು ನಮಗೆ ಹೊಸ ವಿಚಾರವಲ್ಲ. ಆಯುರ್ವೇದದಲ್ಲಿ ಅದಕ್ಕೆ ಅನುಪಾನ ಎಂಬ ಹೆಸರೇ ಇದೆ. ಒಂದೇ ಚೂರ್ಣವನ್ನು ಒಂದು ರೋಗದಲ್ಲಿ ಜೇನಿನೊಡನೆ, ಇನ್ನೊಂದರಲ್ಲಿ ತುಪ್ಪದೊಡನೆ, ಮತ್ತೊಂದರಲ್ಲಿ ಬಿಸಿನೀರಿನೊಡನೆ ಕೊಡುವ ಪದ್ಧತಿಯನ್ನು ನಮ್ಮ ಅಜ್ಜಿಯರೂ ಬಲ್ಲರು. ಇಂದಿನ ವಿಜ್ಞಾನ ಕೇಳುತ್ತಿರುವ ಪ್ರಶ್ನೆ ಅದೇ ದಾರಿಯಲ್ಲಿದ್ದರೂ ಅದಕ್ಕಿಂತ ಬಹಳ ಸೂಕ್ಷ್ಮವಾದದ್ದು. ನೀರಿನಲ್ಲಿ ಕರಗದ, ಒಳ್ಳೆಯ ಜೀವಕೋಶವನ್ನೂ ಕೆಟ್ಟ ಜೀವಕೋಶವನ್ನೂ ಬೇರೆಯಾಗಿ ಕಾಣದ ಒಂದು ಸಸ್ಯವಿಷವನ್ನು, ದಾರಿಯಲ್ಲಿ ಚೆಲ್ಲದಂತೆ, ದೇಹದೊಳಗೆ ಬೆಳೆದ ಗಡ್ಡೆಯವರೆಗೆ ಒಯ್ಯುವುದು ಹೇಗೆ?

ಸಸ್ಯವಿಷ ಎಂದೆ. ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಗಿಡಮೂಲಿಕೆ ಎಂದೊಡನೆ ಸೌಮ್ಯವಾದದ್ದು, ತಂಪಾದದ್ದು ಎಂಬ ಭಾವನೆ ನಮ್ಮಲ್ಲಿ ಮೂಡುತ್ತದೆ. ಆದರೆ ಗಿಡಕ್ಕೆ ಓಡಲು ಕಾಲಿಲ್ಲ, ಹೊಡೆಯಲು ಕೈಯಿಲ್ಲ. ಹುಳುವಿನಿಂದ, ಬೂಸಲಿನಿಂದ, ಮೇಯುವ ದನದಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ತನ್ನ ಎಲೆ ತೊಗಟೆಗಳಲ್ಲಿ ಕಹಿಯಾದ, ಕಟುವಾದ ರಾಸಾಯನಿಕಗಳನ್ನು ಕೂಡಿಡುತ್ತದೆ. ಜೀವಕೋಶದ ಒಳಗಿನ ಯಂತ್ರವನ್ನೇ ನಿಲ್ಲಿಸಬಲ್ಲ ಕಸುವು ಅಂಥ ಕೆಲವಕ್ಕೆ ಇದೆ. ಕ್ಯಾನ್ಸರ್ ಎಂಬುದು ಹದ್ದು ಮೀರಿ ಒಡೆದು ಬೆಳೆಯುವ ಜೀವಕೋಶಗಳ ರೋಗವಾದ್ದರಿಂದ, ಜೀವಕೋಶದ ವಿಭಜನೆಯನ್ನು ತಡೆಯುವ ವಿಷವೇ ಅಲ್ಲಿ ಮದ್ದಾಗುತ್ತದೆ.

ನಿತ್ಯಪುಷ್ಪವನ್ನೇ ನೋಡಿ. ಕೆಲವು ಕಡೆ ಇದನ್ನು ಕಾಶಿಕಣಗಿಲೆ ಎನ್ನುತ್ತಾರೆ. ಹೆಸರಿನಲ್ಲಿ ಕಾಶಿ ಇದ್ದರೂ ಇದರ ತವರು ಮಡಗಾಸ್ಕರ್ ದ್ವೀಪ. 1952ರಲ್ಲಿ, ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಈ ಗಿಡದ ಎಲೆಯ ಕಷಾಯ ಕುಡಿಯುತ್ತಾರೆಂಬ ಸುದ್ದಿಯೊಡನೆ ಕೆಲವು ಎಲೆಗಳು ಕೆನಡಾದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಯ ಕೈ ಸೇರಿದವು. ಅವರು ಕಷಾಯವನ್ನು ಇಲಿಗಳಿಗೆ ಕುಡಿಸಿ ನೋಡಿದರು. ರಕ್ತದ ಸಕ್ಕರೆಯಲ್ಲಿ ಗಣ್ಯವಾದ ಬದಲಾವಣೆಯೇನೂ ಕಾಣಲಿಲ್ಲ. ಅದೇ ಸಾರವನ್ನು ಚುಚ್ಚಿ ಒಳಗೆ ಸೇರಿಸಿದಾಗ ಮಾತ್ರ ಇಲಿಗಳ ಬಿಳಿಯ ರಕ್ತಕಣಗಳು ತೀವ್ರವಾಗಿ ಇಳಿದು, ಅವು ಸೋಂಕಿನಿಂದ ಸತ್ತವು. ಬಿಳಿಯ ರಕ್ತಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದೇ ಮದ್ದಾಗಬಹುದಲ್ಲವೆ ಎಂಬ ಆಲೋಚನೆ ಅಲ್ಲಿ ಹುಟ್ಟಿತು. ನೋಬಲ್ ಮತ್ತು ಅವರ ಸಹೋದ್ಯೋಗಿ ಚಾರ್ಲ್ಸ್ ಬಿಯರ್ 1958ರ ಹೊತ್ತಿಗೆ ವಿನ್‌ಬ್ಲಾಸ್ಟೀನನ್ನು ಬೇರ್ಪಡಿಸಿದ್ದರು. ಅದರ ಸೋದರ ರಾಸಾಯನಿಕವಾದ ವಿನ್‌ಕ್ರಿಸ್ಟೀನ್ 1963ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಬಂದಿತು. ಮಕ್ಕಳ ರಕ್ತದ ಕ್ಯಾನ್ಸರನ್ನು ಗುಣಪಡಿಸುವ ಚಿಕಿತ್ಸೆಯಲ್ಲಿ ಅದಕ್ಕೆ ಇಂದಿಗೂ ಮುಖ್ಯ ಸ್ಥಾನವಿದೆ.

ಒಂದು ಗ್ರಾಂ ವಿನ್‌ಕ್ರಿಸ್ಟೀನ್ ಪಡೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕೆಂದು ಲೆಕ್ಕ. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವ ಪ್ರಮಾಣವನ್ನು ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಅದು ಹೆಚ್ಚುಕಡಮೆ ಒಂದು ಸಾಸಿವೆ ಕಾಳಿನ ತೂಕ. ಅಷ್ಟನ್ನು ಹೊಂದಿಸಲು ಒಂದು ಕಿಲೋಗ್ರಾಂ ಒಣ ಎಲೆ ಬೇಕಾಯಿತು. ಅದೂ ಬಾಯಿಯಿಂದಲ್ಲ, ರಕ್ತನಾಳಕ್ಕೇ ಸೇರಬೇಕು. ಪ್ರಮಾಣ ತುಸು ಹೆಚ್ಚಿದರೆ ಕೈಕಾಲಿನ ನರಗಳು ಜೋಮು ಹಿಡಿಯುತ್ತವೆ. ಬಹಳ ಹೆಚ್ಚಿದರೆ ಪ್ರಾಣಕ್ಕೇ ಎರವು. ನಾನು ಅಕ್ಕನಿಗೆ ಕಿತ್ತು ಕೊಡುತ್ತಿದ್ದದ್ದು ದಿನಕ್ಕೊಂದು ಹಿಡಿ ಹಸಿ ಎಲೆ. ಅದರಲ್ಲಿ ಮದ್ದು ಇರಲಿಲ್ಲ. ಅವಳನ್ನು ವಾಂತಿ ಮಾಡಿಸುವಷ್ಟು ಬೇರೆ ವಿಷಗಳು ಇದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬುದು ನನಗೆ ಅಕ್ಷರಶಃ ಅರ್ಥವಾದದ್ದು ಈ ಲೆಕ್ಕ ಓದಿದ ದಿನ.

ಅಕ್ಕನಿಗೆ ಆಸ್ಪತ್ರೆಯಲ್ಲಿ ಕೊಟ್ಟ ಪ್ಯಾಕ್ಲಿಟಾಕ್ಸೆಲ್ ಕೂಡ ಗಿಡದಿಂದಲೇ ಬಂದದ್ದು. ಅಮೆರಿಕದ ಪಶ್ಚಿಮ ತೀರದ ಯೂ ಎಂಬ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಿದರು. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅದರ ಸಾರದ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ವಾನಿಯವರು ಮಹಾರಾಷ್ಟ್ರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಆ ಸಾರ ಔಷಧವಾಗಿ ಬಳಕೆಗೆ ಬಂದದ್ದು 1992ರ ಕೊನೆಯಲ್ಲಿ. ನಡುವಣ ಇಪ್ಪತ್ತು ವರ್ಷಗಳ ತಡಕ್ಕೆ ಮರದ ಅಭಾವ ಒಂದು ಕಾರಣವಾದರೆ, ನೀರಿನಲ್ಲಿ ಕರಗದ ಅದರ ಹಟ ಇನ್ನೊಂದು ಕಾರಣ. ಆ ಹಟಕ್ಕೆ ಪರಿಹಾರವಾಗಿ ಬಂದದ್ದೇ ತರುಣ ವೈದ್ಯರು ಹೇಳಿದ ಹರಳೆಣ್ಣೆಯ ದ್ರವ.

ಇದೇ ವಾಲ್ ಮತ್ತು ವಾನಿ ಜೋಡಿ ಅದಕ್ಕೂ ಮೊದಲೇ, 1966ರಲ್ಲಿ, ಚೀನಾ ದೇಶದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಕಂಡುಹಿಡಿದಿತ್ತು. ಈ ವಸ್ತುವಿಗೂ ನಮ್ಮ ಮಲೆನಾಡಿಗೂ ಒಂದು ನಂಟಿದೆ. ಪಶ್ಚಿಮಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಎಂದು ಕರೆಯುವ ಸಣ್ಣ ಮರವೊಂದಿದೆ. ಅದರಲ್ಲಿಯೂ ಕ್ಯಾಂಪ್ಟೊಥೆಸಿನ್ ಇರುವುದನ್ನು ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು 1972ರಲ್ಲಿ ತೋರಿಸಿಕೊಟ್ಟರು. ವಾಸನೆಗೆ ಹೆದರಿ ಜನ ದೂರವಿಟ್ಟಿದ್ದ ಮರಕ್ಕೆ ಅಂದಿನಿಂದ ಬೆಲೆ ಬಂದಿತು. ಬೆಲೆಯೊಡನೆ ಕೊಡಲಿಯೂ ಬಂದಿತು. ಘಟ್ಟದ ಹಲವೆಡೆ ಈಗ ಅದು ವಿರಳವಾಗಿದೆ.

ಕ್ಯಾಂಪ್ಟೊಥೆಸಿನ್ ಮಾಡುವ ಕೆಲಸವನ್ನು ಹುರಿಹಗ್ಗದ ಹೋಲಿಕೆಯಿಂದ ಹೇಳಬಹುದು. ಜೀವಕೋಶದೊಳಗೆ ವಂಶವಾಹಿಯ ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಜೀವಕೋಶ ಎರಡಾಗುವ ಮುನ್ನ ಈ ಹಗ್ಗವನ್ನು ಬಿಚ್ಚಬೇಕು. ಬಿಚ್ಚುತ್ತ ಹೋದಂತೆ ಮುಂದಿನ ಭಾಗದಲ್ಲಿ ಹುರಿ ಬಿಗಿಯಾಗುತ್ತದೆ. ಆಗ ಒಂದು ಕಿಣ್ವ ಬಂದು ಒಂದು ಎಳೆಯನ್ನು ತುಂಡರಿಸಿ, ಹುರಿಯನ್ನು ಸಡಿಲಿಸಿ, ಮತ್ತೆ ಬೆಸೆದುಬಿಡುತ್ತದೆ. ಕ್ಯಾಂಪ್ಟೊಥೆಸಿನ್ ಈ ಬೆಸೆಯುವ ಗಳಿಗೆಯಲ್ಲಿ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ತುಂಡಾದ ಎಳೆ ತುಂಡಾಗಿಯೇ ಉಳಿದು ಜೀವಕೋಶ ಸಾಯುತ್ತದೆ. ಇದು ಗೊತ್ತಾದದ್ದು 1985ರಲ್ಲಿ.

ಆದರೆ ಅದಕ್ಕೆ ಮೊದಲೇ ಈ ವಸ್ತುವನ್ನು ರೋಗಿಗಳ ಮೇಲೆ ಪ್ರಯೋಗಿಸಿ ಸೋತಾಗಿತ್ತು. ಇದೂ ನೀರಿನಲ್ಲಿ ಕರಗದು. ಅದರ ಅಣುವಿನಲ್ಲಿ ಒಂದು ಉಂಗುರವಿದೆ. ಆ ಉಂಗುರವನ್ನು ಬಿಡಿಸಿ ಲವಣವಾಗಿ ಮಾಡಿದರೆ ಕರಗುತ್ತದೆ. ಆದರೆ ಉಂಗುರ ಬಿಟ್ಟುಕೊಂಡ ಅಣುವಿನಲ್ಲಿ ಕಸುವಿರುವುದಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆ ಲವಣವನ್ನೇ ರೋಗಿಗಳಿಗೆ ಕೊಟ್ಟರು. ರಕ್ತದಲ್ಲಿ ಕಸುವಿಲ್ಲದೆ ಹರಿದ ಅದು ಮೂತ್ರಕೋಶವನ್ನು ಸೇರಿದಾಗ, ಅಲ್ಲಿಯ ಆಮ್ಲಗುಣಕ್ಕೆ ಉಂಗುರ ಮತ್ತೆ ಕೂಡಿಕೊಂಡು, ಬೇಡದ ಜಾಗದಲ್ಲಿ ತನ್ನ ಪೂರ್ಣ ಪ್ರತಾಪವನ್ನು ತೋರಿಸಿತು. ರೋಗಿಗಳಿಗೆ ಮೂತ್ರದಲ್ಲಿ ರಕ್ತ ಹೋಗತೊಡಗಿತು. ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಮದ್ದು ಸರಿಯಾಗಿದ್ದೂ ಅದು ತಲುಪಿದ ಠಾವು ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಓದಿನಲ್ಲಿ ಸಿಕ್ಕಿಲ್ಲ.

ಮುಂದೆ ಜಪಾನಿನ ರಸಾಯನಜ್ಞರು ಈ ಅಣುವಿಗೆ ಒಂದು ಬಾಲಂಗೋಚಿಯನ್ನು ಸೇರಿಸಿ ನೀರಿನಲ್ಲಿ ಕರಗುವಂತೆ ಮಾಡಿದರು. ದೇಹವೇ ಆ ಬಾಲವನ್ನು ಕತ್ತರಿಸಿ ಒಳಗಿನ ಮದ್ದನ್ನು ಬಿಡುಗಡೆ ಮಾಡುತ್ತದೆ. ಇದಕ್ಕೆ ಇರಿನೊಟೆಕಾನ್ ಎಂದು ಹೆಸರು. 1996ರಲ್ಲಿ ಅಮೆರಿಕದಲ್ಲಿಯೂ ಅದಕ್ಕೆ ಅನುಮತಿ ದೊರೆಯಿತು. ಕರಗುವ ಸಮಸ್ಯೆ ನೀಗಿತು. ಆದರೆ ರಕ್ತದಲ್ಲಿ ಉಂಗುರ ಬಿಚ್ಚಿಕೊಳ್ಳುವುದು, ಕರುಳನ್ನೂ ರಕ್ತಕಣಗಳನ್ನೂ ಕಾಡುವುದು ತಪ್ಪಲಿಲ್ಲ. ಮದ್ದನ್ನು ಬಿಡಿಯಾಗಿ ಹರಿಯಬಿಡದೆ, ಒಂದು ಕರಡಿಗೆಯಲ್ಲಿಟ್ಟು ಮುಚ್ಚಿ ಕಳುಹಿಸಿದರೆ ಹೇಗೆ ಎಂಬ ಪ್ರಶ್ನೆ ಇಲ್ಲಿ ಎದ್ದಿತು. ಆ ಕರಡಿಗೆಯೇ ಲಿಪೊಸೋಮ್. ಗ್ರೀಕಿನಲ್ಲಿ ಲಿಪೊಸ್ ಎಂದರೆ ಕೊಬ್ಬು, ಸೋಮ ಎಂದರೆ ಒಡಲು. ಕೊಬ್ಬಿನೊಡಲು ಎಂದು ಕನ್ನಡಿಸಬಹುದು.

ಇದನ್ನು ಕಂಡವರು ಮದ್ದನ್ನು ಹುಡುಕುತ್ತಿದ್ದವರಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಮ್ ಎಂಬಲ್ಲಿ ಅಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ ಇದ್ದರು. ಜೀವಕೋಶದ ಹೊರಪೊರೆಯ ಗುಟ್ಟೇನೆಂಬುದು ಅವರ ಆಸಕ್ತಿ. 1961ರಲ್ಲಿ, ಸಂಸ್ಥೆಗೆ ಹೊಸದಾಗಿ ಬಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಆರ್. ಡಬ್ಲ್ಯು. ಹಾರ್ನ್ ಎಂಬವರೊಡನೆ ಪರೀಕ್ಷಿಸುತ್ತಿದ್ದಾಗ, ಲೆಸಿಥಿನ್ ಜಾತಿಯ ಕೊಬ್ಬನ್ನು ನೀರಿನಲ್ಲಿ ನೆನೆಸಿ ಅದರಡಿ ಇಟ್ಟು ನೋಡಿದರು. ಕೊಬ್ಬು ಮುದ್ದೆಯಾಗಿರಲಿಲ್ಲ. ಈರುಳ್ಳಿಯ ಹಾಗೆ ಪದರ ಪದರವಾದ ಸಣ್ಣ ಸಣ್ಣ ಗೋಲಗಳು ತಾವಾಗಿಯೇ ಕಟ್ಟಿಕೊಂಡಿದ್ದವು. ಪ್ರತಿ ಪದರದ ನಡುವೆ ನೀರು ಸೆರೆಯಾಗಿತ್ತು. ಜೀವಕೋಶದ ಪೊರೆಯನ್ನೇ ಹೋಲುವ ಪೊರೆ ಅದು. ಈ ಗೋಲಗಳಿಗೆ ಲಿಪೊಸೋಮ್ ಎಂಬ ಹೆಸರು ಬಂದದ್ದು ಅನಂತರ.

ತಾವಾಗಿಯೇ ಕಟ್ಟಿಕೊಳ್ಳುತ್ತವೆ ಎಂದರೆ ಮಂತ್ರವೇನೂ ಅಲ್ಲ. ಕೋಳಿಮೊಟ್ಟೆಯ ಹಳದಿಯಲ್ಲಿ, ಸೋಯಾ ಕಾಳಿನಲ್ಲಿ ಹೇರಳವಾಗಿರುವ ಈ ಕೊಬ್ಬಿನ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ನೀರೆಂದರೆ ಆಗದು. ಇಂಥ ಅಸಂಖ್ಯ ಅಣುಗಳನ್ನು ನೀರಿಗೆ ಬಿಟ್ಟರೆ ಅವು ಒಂದು ಹಂಚಿಕೆ ಹೂಡುತ್ತವೆ. ಎರಡು ಸಾಲಾಗಿ ನಿಂತು, ಬಾಲಗಳನ್ನು ಒಳಗೆ ಎದುರುಬದುರಾಗಿ ಅಡಗಿಸಿಕೊಂಡು, ತಲೆಗಳನ್ನು ಎರಡೂ ಕಡೆಯ ನೀರಿಗೆ ಒಡ್ಡುತ್ತವೆ. ಹೀಗಾದ ಹಾಳೆಯ ಅಂಚಿನಲ್ಲಿ ಬಾಲಗಳು ನೀರಿಗೆ ತಗಲುತ್ತವಲ್ಲ, ಅದನ್ನು ತಪ್ಪಿಸಲು ಹಾಳೆ ಬಾಗಿ, ಅಂಚಿಗೆ ಅಂಚು ಕೂಡಿ, ಗೋಲವಾಗಿಬಿಡುತ್ತದೆ. ಗೋಲದ ಒಳಗಿನ ನೀರಿನಲ್ಲಿ ನೀರಿಗೊಲಿದ ಮದ್ದನ್ನು ಇಡಬಹುದು. ಬಾಲಗಳು ಕೂಡಿರುವ ಕೊಬ್ಬಿನ ಪದರದಲ್ಲಿ ನೀರಿಗೊಲಿಯದ ಮದ್ದನ್ನು ಅಡಗಿಸಬಹುದು. ಪೊರೆ ನಮ್ಮ ದೇಹದ ಪೊರೆಯಂಥದೇ ಆದ್ದರಿಂದ ಮೈಗೆ ಪರಕೀಯವೂ ಅಲ್ಲ. ಚಿಕಿತ್ಸೆಗೆ ಬಳಸುವ ಗೋಲದ ಅಗಲ ಸುಮಾರು 100 ನ್ಯಾನೊಮೀಟರ್. ಹತ್ತು ಸಾವಿರ ಗೋಲಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ.

1971ರಲ್ಲಿ ಲಂಡನ್ನಿನ ಗ್ರೆಗರಿ ಗ್ರೆಗೋರಿಯಾಡಿಸ್ ಮತ್ತು ಬ್ರೆಂಡಾ ರೈಮನ್ ಈ ಗೋಲಗಳನ್ನು ವಾಹನವಾಗಿ ಬಳಸಬಹುದೆಂದು ತೋರಿಸಿದರು. ಕ್ಯಾನ್ಸರಿಗೆ ಕೊಡುವ ಮೊದಲ ಲಿಪೊಸೋಮ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ. ಅದರೊಳಗಿದ್ದ ಡಾಕ್ಸೊರುಬಿಸಿನ್ ಮಾತ್ರ ಸಸ್ಯದಿಂದಲ್ಲ, ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದದ್ದು. ನಡುವಣ ಇಪ್ಪತ್ತನಾಲ್ಕು ವರ್ಷ ಹೋದದ್ದು ಹೆಚ್ಚಾಗಿ ಎರಡು ತೊಡಕುಗಳನ್ನು ಬಿಡಿಸುವುದರಲ್ಲಿ.

ಮೊದಲನೆಯದು, ದೇಹದ ಕಾವಲು. ರಕ್ತಕ್ಕೆ ಬಂದ ಯಾವ ಕಣವನ್ನಾದರೂ ಯಕೃತ್ತು ಗುಲ್ಮಗಳಲ್ಲಿರುವ ಕಾವಲು ಜೀವಕೋಶಗಳು ಹಿಡಿದು ನುಂಗುತ್ತವೆ. ಕರಡಿಗೆ ಊರು ಮುಟ್ಟುವ ಮೊದಲೇ ಸುಂಕದ ಕಟ್ಟೆಯಲ್ಲಿ ಜಪ್ತಿಯಾದಂತೆ. ಇದಕ್ಕೆ ಉಪಾಯವಾಗಿ ಗೋಲದ ಹೊರಮೈಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಉದ್ದನೆಯ ಅಣುಗಳನ್ನು ನವಿರು ಕೂದಲಿನಂತೆ ನೆಟ್ಟರು. ಕಾವಲಿನವರಿಗೆ ಅದರ ಗುರುತು ಬೇಗ ಹತ್ತದು. ಗೋಲ ಗಂಟೆಗಟ್ಟಲೆ, ಕೆಲವು ವೇಳೆ ದಿನಗಟ್ಟಲೆ ರಕ್ತದಲ್ಲಿ ಸುಳಿದಾಡುತ್ತದೆ.

ಎರಡನೆಯದು, ಮದ್ದನ್ನು ಸಾಕಷ್ಟು ತುಂಬುವುದು, ತುಂಬಿದ್ದು ಸೋರದಂತೆ ಮಾಡುವುದು. ಮಲೆನಾಡಿನ ತೊರೆಗಳಲ್ಲಿ ಮೀನು ಹಿಡಿಯಲು ಕೂಣಿ ಇಡುವುದನ್ನು ನೀವು ನೋಡಿರಬಹುದು. ಒಳಕ್ಕೆ ಹೋಗಲು ದಾರಿಯಿದೆ, ಹೊರಕ್ಕೆ ಬರಲು ಇಲ್ಲ. ಇಲ್ಲಿಯೂ ಅದೇ ತಂತ್ರ. ಗೋಲದ ಒಳಗೆ ಮೊದಲೇ ಒಂದು ಲವಣದ ದ್ರಾವಣವನ್ನು ತುಂಬಿರುತ್ತಾರೆ. ಹೊರಗಿನ ಮದ್ದಿನ ಅಣು ವಿದ್ಯುದಂಶವಿಲ್ಲದ ರೂಪದಲ್ಲಿ ಪೊರೆಯನ್ನು ದಾಟಿ ಒಳಗೆ ಹೋಗುತ್ತದೆ. ಒಳಗೆ ಹೋದದ್ದೇ ವಿದ್ಯುದಂಶ ಪಡೆದು, ಲವಣದೊಡನೆ ಬೆಸೆದು, ಹಿಂದಿರುಗಲಾರದೆ ಉಳಿಯುತ್ತದೆ. ಇರಿನೊಟೆಕಾನ್ ಗೋಲದಲ್ಲಿ ಬಳಸುವ ಲವಣವನ್ನು ತಯಾರಿಸುವುದು ನಾವು ಕಾಫಿಗೆ ಹಾಕುವ ಸಕ್ಕರೆಯ ಅಣುವಿನಿಂದಲೇ ಎಂಬುದು ಒಂದು ಸ್ವಾರಸ್ಯ. ಒಂದೊಂದು ಗೋಲದಲ್ಲಿ ಹತ್ತಾರು ಸಾವಿರ ಅಣುಗಳು ಸೇರುತ್ತವೆ. ಒಳಗಿನ ಆಮ್ಲಗುಣದಲ್ಲಿ ಆ ಉಂಗುರ ಬಿಚ್ಚಿಕೊಳ್ಳದೆ ಭದ್ರವಾಗಿರುತ್ತದೆ.

ಇನ್ನು, ಗೋಲಕ್ಕೆ ಗಡ್ಡೆಯ ವಿಳಾಸ ಗೊತ್ತಾಗುವುದು ಹೇಗೆ? ನಿಜವಾಗಿ ಗೊತ್ತಾಗುವುದಿಲ್ಲ. 1986ರಲ್ಲಿ ಜಪಾನಿನ ಮತ್ಸುಮುರ ಮತ್ತು ಮಯೆದ ಎಂಬ ವಿಜ್ಞಾನಿಗಳು ಒಂದು ಸಂಗತಿಯನ್ನು ಗಮನಕ್ಕೆ ತಂದರು. ಗಡ್ಡೆ ಅವಸರದಲ್ಲಿ ಬೆಳೆಯುವುದರಿಂದ ಅದರ ರಕ್ತನಾಳಗಳೂ ಅವಸರದಲ್ಲಿ ಕಟ್ಟಿದ ಗೋಡೆಯಂತೆ ಬಿರುಕು ಬಿಟ್ಟಿರುತ್ತವೆ. ಆರೋಗ್ಯವಾದ ನಾಳದಿಂದ ಹೊರಬೀಳದಷ್ಟು ದೊಡ್ಡದಾದ ಕಣ ಈ ಬಿರುಕುಗಳಿಂದ ಗಡ್ಡೆಯೊಳಕ್ಕೆ ಸೋರುತ್ತದೆ. ಅಲ್ಲಿಯ ಬಚ್ಚಲು ದಾರಿಯೂ ಸರಿಯಿಲ್ಲದ್ದರಿಂದ ಒಳಹೊಕ್ಕದ್ದು ಅಲ್ಲಿಯೇ ನಿಲ್ಲುತ್ತದೆ. ಗೋಲ ಅಲ್ಲಿ ಕ್ರಮೇಣ ಸಡಿಲಗೊಂಡು ಮದ್ದನ್ನು ಬಿಡುತ್ತದೆ.

ಇಷ್ಟು ಕೇಳಿದರೆ ಸಮಸ್ಯೆ ತೀರಿತೆಂದು ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಮುಂದೆ ಓದಿದಂತೆ ಉತ್ಸಾಹ ಇಳಿದು ತಿಳಿವಳಿಕೆ ಹೆಚ್ಚಿತು. ಪ್ರಾಣಿಗಳ ಮೇಲೆ ನಡೆದ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರ ಪ್ರಕಾರ, ಚುಚ್ಚಿದ ಇಂಥ ಸೂಕ್ಷ್ಮಕಣಗಳಲ್ಲಿ ಗಡ್ಡೆಯನ್ನು ತಲುಪುವ ಪಾಲು, ಮಧ್ಯಮ ಲೆಕ್ಕದಲ್ಲಿ, ಶೇಕಡಾ 0.7 ಮಾತ್ರ. ನೂರರಲ್ಲಿ ಒಂದೂ ಇಲ್ಲ. ಇಲಿಯ ಗಡ್ಡೆಯಷ್ಟು ಸೋರುವ ಗಡ್ಡೆ ಎಲ್ಲ ಮನುಷ್ಯರಲ್ಲಿಯೂ ಇರುವುದಿಲ್ಲ. ಒಬ್ಬರಿಂದ ಒಬ್ಬರಿಗೆ, ಒಂದೇ ಗಡ್ಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವ್ಯತ್ಯಾಸವಿದೆ.

ಆದರೂ ಫಲವಿಲ್ಲದೆ ಇಲ್ಲ. ಲಿಪೊಸೋಮಿನಲ್ಲಿಟ್ಟ ಇರಿನೊಟೆಕಾನ್‌ಗೆ ಅಮೆರಿಕದಲ್ಲಿ 2015ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅದು ಮೇದೋಜೀರಕ ಗ್ರಂಥಿಯಿಂದ ಬೇರೆಡೆಗೆ ಹಬ್ಬಿದ, ಮೊದಲ ಚಿಕಿತ್ಸೆಗೆ ಬಗ್ಗದ ಕ್ಯಾನ್ಸರಿಗೆ. ಇದು ಅತಿ ಕ್ರೂರವಾದ ಕ್ಯಾನ್ಸರುಗಳಲ್ಲಿ ಒಂದು. ಹಳೆಯ ಔಷಧಗಳನ್ನಷ್ಟೇ ಪಡೆದ ರೋಗಿಗಳ ಮಧ್ಯಮ ಆಯುಸ್ಸು 4.2 ತಿಂಗಳಾದರೆ, ಅವುಗಳೊಡನೆ ಲಿಪೊಸೋಮ್ ಇರಿನೊಟೆಕಾನನ್ನೂ ಪಡೆದವರದು 6.1 ತಿಂಗಳು. ಅದನ್ನು ಒಂಟಿಯಾಗಿ ಕೊಟ್ಟಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಭೇದಿಯಾಗುವುದು, ಬಿಳಿಯ ರಕ್ತಕಣಗಳು ಇಳಿಯುವುದು ಈಗಲೂ ಇವೆ. 2024ರಲ್ಲಿ ಅದೇ ರೋಗಕ್ಕೆ ಮೊದಲ ಚಿಕಿತ್ಸೆಯಾಗಿ, ಬೇರೆ ಔಷಧಗಳ ಜೊತೆಯಲ್ಲಿ, ಇದಕ್ಕೆ ಅನುಮತಿ ಸಿಕ್ಕಿತು. ಅಲ್ಲಿ 9.2 ತಿಂಗಳು 11.1 ತಿಂಗಳಾಯಿತು. ಎರಡು ತಿಂಗಳು ಏನು ಮಹಾ ಎಂದು ಆರೋಗ್ಯವಂತರು ಕೇಳಬಹುದು. ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕುಳಿತವನು ಹಾಗೆ ಕೇಳಲಾರ.

ಪ್ಯಾಕ್ಲಿಟಾಕ್ಸೆಲನ್ನು ಲಿಪೊಸೋಮಿನಲ್ಲಿಟ್ಟು, ಹರಳೆಣ್ಣೆಯ ದ್ರವದ ಹಂಗಿಲ್ಲದೆ ಕೊಡುವ ಔಷಧಕ್ಕೆ ಚೀನಾದಲ್ಲಿ 2003ರಲ್ಲಿಯೇ ಅನುಮತಿಯಾಯಿತು. ನಿತ್ಯಪುಷ್ಪದ ವಿನ್‌ಕ್ರಿಸ್ಟೀನ್ ತುಂಬಿದ ಲಿಪೊಸೋಮ್ ಔಷಧವೊಂದು ಅಮೆರಿಕದಲ್ಲಿ 2012ರಲ್ಲಿ ಬಂದು, ಅದರ ಪ್ರಯೋಜನವನ್ನು ದೃಢಪಡಿಸಬೇಕಾಗಿದ್ದ ಪರೀಕ್ಷೆ ಪೂರ್ಣವಾಗದೆ, 2022ರಲ್ಲಿ ಹಿಂದಕ್ಕೆ ಹೋಯಿತು. ಸೋತದ್ದನ್ನೂ ದಾಖಲೆ ಮಾಡುವುದು ಈ ಶಾಸ್ತ್ರದ ಒಂದು ಒಳ್ಳೆಯ ಗುಣ.

ಕೊನೆಯದಾಗಿ ಅರಿಸಿನದ ಮಾತು. ಅದರ ಹಳದಿಯ ಸಾರವಾದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆಂದು ಎಷ್ಟೋ ಪ್ರಯೋಗಗಳು ಹೇಳಿವೆ. ಹೀಗಿದ್ದ ಮೇಲೆ ದಿನವೂ ಸಾರಿನಲ್ಲಿ ಅರಿಸಿನ ತಿನ್ನುವ ನಮಗೆ ಭಯವೇನು ಎಂದು ಯಾರಾದರೂ ಕೇಳಿಯಾರು. ಗಾಜಿನ ತಟ್ಟೆಯಲ್ಲಿ ಮದ್ದನ್ನು ಜೀವಕೋಶದ ಮೇಲೇ ಸುರಿಯುತ್ತೇವೆ. ದೇಹದಲ್ಲಿ ಅದು ಅಲ್ಲಿಯವರೆಗೆ ನಡೆದುಹೋಗಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 2 ಗ್ರಾಂ ಕರ್ಕ್ಯುಮಿನನ್ನು ಹಾಗೆಯೇ ನುಂಗಿದವರ ರಕ್ತದಲ್ಲಿ ಅದು ಕಾಣಿಸಲೇ ಇಲ್ಲ ಎನ್ನುವಷ್ಟು ಅಲ್ಪವಾಗಿತ್ತು. ಜೊತೆಗೆ ಮೆಣಸಿನ ಸಾರ 20 ಮಿಲಿಗ್ರಾಂ ಕೊಟ್ಟಾಗ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಮೆಣಸೂ ಒಂದು ಅನುಪಾನವಾಯಿತು. ಆದರೆ ಶೂನ್ಯಕ್ಕೆ ಹತ್ತಿರವಾದುದರ ಇಪ್ಪತ್ತು ಪಟ್ಟೂ ಅಲ್ಪವೇ. ಲಿಪೊಸೋಮಿನಲ್ಲಿಟ್ಟ ಕರ್ಕ್ಯುಮಿನನ್ನು ರಕ್ತನಾಳಕ್ಕೇ ಕೊಟ್ಟ ಪ್ರಯೋಗವೊಂದು ಆಸ್ಟ್ರಿಯಾದಿಂದ 2018ರಲ್ಲಿ ಪ್ರಕಟವಾಯಿತು. ಮುಂದುವರಿದ ಕ್ಯಾನ್ಸರಿನ 32 ರೋಗಿಗಳಲ್ಲಿ ಒಬ್ಬರ ಗಡ್ಡೆಯೂ ನಿಗದಿಯಾದ ಅಳತೆಗೋಲಿನಂತೆ ಕುಗ್ಗಲಿಲ್ಲ. ವಾಹನ ಸಿಕ್ಕಮಾತ್ರಕ್ಕೆ ಪ್ರತಿಯೊಂದು ಸಸ್ಯಸಾರವೂ ಮದ್ದಾಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಅಂಗಡಿಗಳಲ್ಲಿ ಈಗ ಲಿಪೊಸೋಮ್ ಎಂಬ ಹೆಸರು ಹೊತ್ತ ಅರಿಸಿನದ ಗುಳಿಗೆಗಳು ಬರುತ್ತಿವೆ. ರಕ್ತನಾಳಕ್ಕೆ ಕೊಡುವ ಲಿಪೊಸೋಮ್ ಬೇರೆ, ಬಾಯಿಂದ ನುಂಗುವುದು ಬೇರೆ. ಸಾಮಾನ್ಯವಾದ ಲಿಪೊಸೋಮುಗಳು ಕರುಳಿನ ಪಿತ್ತರಸಕ್ಕೆ ಸಿಕ್ಕಿ ಒಡೆದುಹೋಗುತ್ತವೆ. ಕರಡಿಗೆಯ ಹೆಸರು ಡಬ್ಬಿಯ ಮೇಲಿದ್ದಮಾತ್ರಕ್ಕೆ ಒಳಗಿನದು ಕ್ಯಾನ್ಸರಿನ ಚಿಕಿತ್ಸೆಯಲ್ಲ. ತಿನ್ನುವವರು ತಿನ್ನಲಿ; ಆದರೆ ವೈದ್ಯರಿಗೆ ತಿಳಿಸಿ ತಿನ್ನಲಿ, ಮತ್ತು ಅದರ ನೆಪದಲ್ಲಿ ಒಂದು ದಿನವನ್ನೂ ಕಳೆದುಕೊಳ್ಳದಿರಲಿ.

ಶಸ್ತ್ರಚಿಕಿತ್ಸೆಯಾದ ಮೇಲೆ ಅಕ್ಕ ಆರು ವರ್ಷ ಬದುಕಿದಳು. ಮೊಮ್ಮಗಳ ನಾಮಕರಣಕ್ಕೆ ತಾನೇ ಹೋಳಿಗೆ ತಟ್ಟಿದಳು. ಆ ನಾಲ್ಕು ತಿಂಗಳು ಕೈಯಲ್ಲಿದ್ದಿದ್ದರೆ ಇನ್ನೆಷ್ಟು ವರ್ಷ ಇರುತ್ತಿದ್ದಳೋ, ಯಾವ ವೈದ್ಯರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿತ್ಯಪುಷ್ಪ ಈಗಲೂ ನಮ್ಮ ಅಂಗಳದಲ್ಲಿದೆ. ಬೇಸಿಗೆಯಲ್ಲಿ ಉಳಿದ ಗಿಡಗಳೆಲ್ಲ ಬಾಡಿದಾಗಲೂ ಅದು ಹೂ ಬಿಡುತ್ತದೆ. ಬೆಳಿಗ್ಗೆ ಹೂ ಬಿಡಿಸುತ್ತೇನೆ. ಎಲೆಗೆ ಕೈ ಹಚ್ಚುವುದಿಲ್ಲ.

(ಬಾನುಲಿ ಭಾಷಣದ ಬರಹರೂಪ)